ಸಡಿಲವಾದ ಒಂದು ತಿರುಪು, ನಿಂತುಹೋದ ಎಂಜಿನ್: ಲಘು ವಿಮಾನಕ್ಕೆ ದುರಸ್ತಿಯೇ ಅಪಾಯವಾಗುವುದು ಹೇಗೆ?

ರಸ್ತೆಯಲ್ಲಿ ಕಾರು ಕೆಟ್ಟು ನಿಂತರೆ ಬದಿಗೆ ಸರಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ ಕಾಯಬಹುದು. ಆಕಾಶದಲ್ಲಿ ರಸ್ತೆಬದಿ ಎಂಬುದಿಲ್ಲ. ಒಂದೇ ಎಂಜಿನ್ನಿನ ಲಘು ವಿಮಾನದಲ್ಲಿ ಆ ಎಂಜಿನ್ ಮೌನವಾದರೆ ಪೈಲಟ್‌ನ ಕೈಯಲ್ಲಿ ಉಳಿಯುವುದು ಎರಡೇ: ಎಷ್ಟು ಎತ್ತರದಲ್ಲಿದ್ದಾನೋ ಅಷ್ಟು ಎತ್ತರ, ಮತ್ತು ಅದು ಕರಗುವವರೆಗಿನ ಕೆಲವು ನಿಮಿಷಗಳು.

ಎಂಜಿನ್ ನಿಲ್ಲಲು ಕಾರಣಗಳು ಹಲವು. ಇಂಧನ ಮುಗಿಯಬಹುದು, ಇಂಧನದಲ್ಲಿ ನೀರು ಸೇರಿರಬಹುದು, ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟಬಹುದು, ಲೋಹ ದಣಿದು ಬಿರುಕು ಬಿಡಬಹುದು. ಆದರೆ ತನಿಖಾ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಇನ್ನೊಂದು ಕಾರಣ ಹೆಚ್ಚು ನೋವಿನದು. ಎಂಜಿನ್ನನ್ನು ಕಾಪಾಡಬೇಕಾಗಿದ್ದ ಕೈಗಳಿಂದಲೇ ಆದ ತಪ್ಪು ಅದು. ವೈಮಾನಿಕ ಭಾಷೆಯಲ್ಲಿ ಇದಕ್ಕೆ 'ನಿರ್ವಹಣಾ ಲೋಪ' ಎಂದು ಹೆಸರು. ಇಂತಹ ಲೋಪ ಹೇಗೆ ಹುಟ್ಟುತ್ತದೆ, ಏಕೆ ಕಣ್ತಪ್ಪುತ್ತದೆ ಮತ್ತು ಅದನ್ನು ತಡೆಯುವ ದಾರಿ ಯಾವುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಗಾಲ್ಫ್ ಮೈದಾನಕ್ಕಿಳಿದ ನಟ

2015ರ ಮಾರ್ಚ್ 5. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಮೋನಿಕಾ ವಿಮಾನ ನಿಲ್ದಾಣದಿಂದ ಹಳೆಯ ಕಾಲದ ಒಂದು ಲಘು ವಿಮಾನ ಮೇಲೇರಿತು. 1942ರಲ್ಲಿ ತಯಾರಾದ, ಎರಡನೇ ಮಹಾಯುದ್ಧದ ಕಾಲದ ಪೈಲಟ್‌ಗಳಿಗೆ ತರಬೇತಿ ನೀಡುತ್ತಿದ್ದ 'ರಯಾನ್ ಪಿಟಿ-22' ಅದು. ಅದನ್ನು ಹಾರಿಸುತ್ತಿದ್ದವರು ಹಾಲಿವುಡ್‌ನ ಪ್ರಖ್ಯಾತ ನಟ ಹ್ಯಾರಿಸನ್ ಫೋರ್ಡ್. ಆಗ ಅವರ ವಯಸ್ಸು 72.

ವಿಮಾನ ಸುಮಾರು ಸಾವಿರ ಅಡಿ ಎತ್ತರ ತಲುಪುವಷ್ಟರಲ್ಲಿ ಎಂಜಿನ್ ಶಕ್ತಿ ಕಳೆದುಕೊಂಡಿತು. ಫೋರ್ಡ್ ನಿಯಂತ್ರಣ ಗೋಪುರಕ್ಕೆ ವಿಷಯ ತಿಳಿಸಿ ಮರಳಲು ಯತ್ನಿಸಿದರು. ರನ್‌ವೇ ಮುಟ್ಟುವಷ್ಟು ಎತ್ತರ ಉಳಿದಿಲ್ಲವೆಂಬುದು ಅರಿವಾದೊಡನೆ ಸಮೀಪದ ಪೆನ್ಮಾರ್ ಗಾಲ್ಫ್ ಮೈದಾನದತ್ತ ವಿಮಾನವನ್ನು ತಿರುಗಿಸಿದರು. ವಿಮಾನ ಮರವೊಂದರ ತುದಿಗೆ ಬಡಿದು ನೆಲಕ್ಕೆ ಅಪ್ಪಳಿಸಿತು. ಗಂಭೀರವಾಗಿ ಗಾಯಗೊಂಡರೂ ಅವರು ಬದುಕುಳಿದರು. ನೆಲದ ಮೇಲಿದ್ದ ಯಾರಿಗೂ ಅಪಾಯವಾಗಲಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖಾ ವರದಿ ಹೊರಬಂತು. ಕಾರಣ ಬೆರಳ ತುದಿಯಷ್ಟು ಚಿಕ್ಕದು. ಕಾರ್ಬ್ಯುರೇಟರಿನೊಳಗೆ ಇಂಧನವನ್ನು ಅಳೆದು ಬಿಡುವ 'ಜೆಟ್' ಎಂಬ ಪುಟ್ಟ ತಿರುಪು ಕಾಲಕ್ರಮದಲ್ಲಿ ಸಡಿಲವಾಗಿ ತನ್ನ ಸ್ಥಾನದಿಂದ ಕಳಚಿಕೊಂಡಿತ್ತು. ಇದರಿಂದ ಗಾಳಿಗೆ ಬೆರೆಯುವ ಇಂಧನದ ಪ್ರಮಾಣ ಮಿತಿಮೀರಿ, ಎಂಜಿನ್ ಉಸಿರುಗಟ್ಟಿತು.

ಆ ಕಾರ್ಬ್ಯುರೇಟರನ್ನು ಬಿಚ್ಚಿ ಪುನಃ ಜೋಡಿಸಿದ್ದು ಅಪಘಾತಕ್ಕೆ ಸುಮಾರು 17 ವರ್ಷ ಮೊದಲು, ವಿಮಾನದ ನವೀಕರಣದ ಸಂದರ್ಭದಲ್ಲಿ. ಜೆಟ್ ಬಿಗಿಯಾಗಿದೆಯೇ ಎಂದು ನಿಯತವಾಗಿ ಪರೀಕ್ಷಿಸಬೇಕೆಂಬ ಸೂಚನೆ ನಿರ್ವಹಣಾ ಕೈಪಿಡಿಯಲ್ಲಿ ಇರಲೇ ಇಲ್ಲ. ಈ ಕೊರತೆಯೂ ಅಪಘಾತಕ್ಕೆ ಪೂರಕ ಕಾರಣವೆಂದು ಮಂಡಳಿ ದಾಖಲಿಸಿತು. ಇನ್ನೊಂದು ಅಂಶವೂ ಬೆಳಕಿಗೆ ಬಂತು. ಭುಜವನ್ನು ಹಿಡಿದಿಡುವ ಸುರಕ್ಷತಾ ಪಟ್ಟಿಯನ್ನು ಆಸನಕ್ಕೆ ಸರಿಯಾದ ಕ್ರಮದಲ್ಲಿ ಜೋಡಿಸಿರಲಿಲ್ಲ. ನೆಲಕ್ಕೆ ಬಡಿದ ರಭಸಕ್ಕೆ ಅದು ಕಿತ್ತುಬಂದು, ಗಾಯದ ತೀವ್ರತೆ ಹೆಚ್ಚಿತು.

ಒಂದೇ ವಿಮಾನದಲ್ಲಿ ಎರಡು ಲೋಪಗಳು. ಎರಡೂ ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತಿದ್ದವು. ಹಾರುವ ಮುನ್ನ ವಿಮಾನದ ಸುತ್ತ ಸುತ್ತಿ ನೋಡುವ ಯಾವ ಪೈಲಟ್‌ಗೂ ಅವು ಕಾಣುವಂತಿರಲಿಲ್ಲ.

ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದೇ?

ಇಲ್ಲ. ಇದು ಜನಸಾಮಾನ್ಯರಲ್ಲಿರುವ ತಪ್ಪು ಕಲ್ಪನೆ. ಎಂಜಿನ್ ನಿಂತರೂ ರೆಕ್ಕೆಗಳು ಕೆಲಸ ಮಾಡುತ್ತಲೇ ಇರುತ್ತವೆ. ವಿಮಾನ ತೇಲುತ್ತ ಇಳಿಯುತ್ತದೆ. ಜಗತ್ತಿನಾದ್ಯಂತ ತರಬೇತಿ ಶಾಲೆಗಳಲ್ಲಿ ಬಳಕೆಯಲ್ಲಿರುವ ಸೆಸ್ನಾ 172 ಮಾದರಿಯನ್ನೇ ತೆಗೆದುಕೊಳ್ಳಿ. ಅದು ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. ಎಂದರೆ 3,000 ಅಡಿ ಎತ್ತರದಲ್ಲಿ ಎಂಜಿನ್ ನಿಂತರೆ, ಗಾಳಿಯ ಹೊಡೆತವಿಲ್ಲದಿದ್ದಲ್ಲಿ ಸುಮಾರು 8 ಕಿ.ಮೀ. ದೂರದವರೆಗೆ ಇಳಿಯುವ ಜಾಗವನ್ನು ಹುಡುಕಬಹುದು. ಸಮಯ ನಾಲ್ಕು ನಿಮಿಷದಷ್ಟು.

ಆದರೆ ಮೇಲೇರುತ್ತಿರುವಾಗ, 500 ಅಡಿಯಲ್ಲೇ ಎಂಜಿನ್ ಕೈಕೊಟ್ಟರೆ ಉಳಿಯುವುದು ಸುಮಾರು 40 ಸೆಕೆಂಡು. ಆಗ ಹಿಂದಿರುಗಿ ರನ್‌ವೇ ಮುಟ್ಟುವ ಆಸೆಯೇ ಪ್ರಾಣಕ್ಕೆ ಎರವಾಗಬಹುದು. ತಿರುವಿನಲ್ಲಿ ವೇಗ ಕುಸಿದು ವಿಮಾನ ಹತೋಟಿ ತಪ್ಪುತ್ತದೆ. ಹಾಗಾಗಿಯೇ 'ಎದುರಿಗೆ ಸಿಕ್ಕ ಬಯಲಿನಲ್ಲಿ ಇಳಿಸು' ಎಂಬ ಪಾಠವನ್ನು ತರಬೇತಿಯ ಆರಂಭದಲ್ಲೇ ಕಲಿಸಲಾಗುತ್ತದೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ ತರಬೇತಿ ವಿಮಾನವೊಂದು ಹೊನ್ನಿಹಾಳ ಗ್ರಾಮದ ಹೊಲದಲ್ಲಿ ತುರ್ತಾಗಿ ಇಳಿದುದನ್ನು, ಅದರಲ್ಲಿದ್ದ ಇಬ್ಬರೂ ಬದುಕಿ ಬಂದುದನ್ನು ಓದುಗರು ನೆನಪಿಸಿಕೊಳ್ಳಬಹುದು.

ಪೈಲಟ್‌ನ ಕೌಶಲ ಜೀವ ಉಳಿಸಬಲ್ಲದು, ನಿಜ. ಆದರೆ ಆ ಕೌಶಲಕ್ಕೆ ಅಂತಹ ಪರೀಕ್ಷೆಯೇ ಎದುರಾಗದಂತೆ ನೋಡಿಕೊಳ್ಳುವುದು ವರ್ಕ್‌ಶಾಪಿನ ಹೊಣೆ.

ಜೋಡಿ ಇರುವುದೇನು, ಒಂಟಿ ಇರುವುದೇನು?

ಲಘು ವಿಮಾನದ ಪಿಸ್ಟನ್ ಎಂಜಿನ್ ತತ್ತ್ವದಲ್ಲಿ ಕಾರಿನ ಎಂಜಿನ್ನಿನಂತೆಯೇ. ಗಾಳಿ ಮತ್ತು ಇಂಧನದ ಮಿಶ್ರಣ, ಅದನ್ನು ಹೊತ್ತಿಸುವ ಕಿಡಿ, ಚಲಿಸುವ ಭಾಗಗಳನ್ನು ತಂಪಾಗಿ ಜಾರುವಂತಿಡುವ ಎಣ್ಣೆ. ಈ ಮೂರರಲ್ಲಿ ಒಂದು ತಪ್ಪಿದರೂ ಎಂಜಿನ್ ನಿಲ್ಲುತ್ತದೆ.

ವಿನ್ಯಾಸಕಾರರು ಇದನ್ನು ಬಲ್ಲರು. ಆದ್ದರಿಂದಲೇ ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್‌ಗಳು. ಅವುಗಳಿಗೆ ಕಿಡಿ ಒದಗಿಸಲು ಬ್ಯಾಟರಿಯನ್ನು ಅವಲಂಬಿಸದ ಎರಡು ಮ್ಯಾಗ್ನೆಟೊಗಳು. ಒಂದು ಸತ್ತರೆ ಇನ್ನೊಂದು ವಿಮಾನವನ್ನು ಮನೆಗೆ ತಲುಪಿಸುತ್ತದೆ. ಆದರೆ ಎಲ್ಲವನ್ನೂ ಜೋಡಿಯಾಗಿಸಲು ಸಾಧ್ಯವಿಲ್ಲ. ಕಾರ್ಬ್ಯುರೇಟರ್ ಒಂದೇ. ಎಣ್ಣೆಯ ಪಂಪ್ ಒಂದೇ. ಕ್ರ್ಯಾಂಕ್‌ಶಾಫ್ಟ್ ಒಂದೇ. ಇಂತಹ ಒಂಟಿ ಭಾಗಗಳಲ್ಲಿ ಆದ ಲೋಪಕ್ಕೆ ಬದಲಿ ವ್ಯವಸ್ಥೆ ಇರುವುದಿಲ್ಲ. ಫೋರ್ಡ್ ಅವರ ವಿಮಾನದಲ್ಲಿ ಕಳಚಿದ ತಿರುಪು ಇದ್ದದ್ದು ಇಂತಹ ಜಾಗದಲ್ಲಿಯೇ.

ಕೈತಪ್ಪುವುದು ಎಲ್ಲಿ?

ನಿರ್ವಹಣಾ ಲೋಪವೆಂದರೆ ಯಾವುದೋ ಮಹಾಪರಾಧವಲ್ಲ. ಹೆಚ್ಚಿನವು ಅತಿ ಸಾಮಾನ್ಯ ಕೆಲಸಗಳಲ್ಲಿಯೇ ನಡೆಯುತ್ತವೆ.

ಎಣ್ಣೆಯ ಫಿಲ್ಟರ್ ಬದಲಿಸುವಾಗ ಹಳೆಯದರ ರಬ್ಬರ್ ಉಂಗುರ ಎಂಜಿನ್ನಿಗೆ ಅಂಟಿಕೊಂಡೇ ಉಳಿದಿರುತ್ತದೆ. ಗಮನಿಸದೆ ಅದರ ಮೇಲೆಯೇ ಹೊಸ ಫಿಲ್ಟರ್ ಜೋಡಿಸಿದರೆ ಎರಡು ಉಂಗುರಗಳ ನಡುವಿನಿಂದ ಎಣ್ಣೆ ಚಿಮ್ಮತೊಡಗುತ್ತದೆ. ಎಣ್ಣೆ ಬರಿದಾದ ಮೇಲೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಬಿಗಿದುಕೊಳ್ಳುತ್ತದೆ.

ಇಂಧನ ಕೊಳವೆಯ ನಟ್ಟನ್ನು ಮೊದಲು ಬೆರಳಿನಿಂದ ತಿರುಗಿಸಿ ಕೂರಿಸುವುದು ವಾಡಿಕೆ. ಅಷ್ಟರಲ್ಲಿ ಯಾರೋ ಕರೆಯುತ್ತಾರೆ, ಫೋನ್ ರಿಂಗಣಿಸುತ್ತದೆ. ಮರಳಿ ಬಂದಾಗ ನಟ್ಟು ಜಾಗದಲ್ಲಿರುವುದು ಕಾಣುತ್ತದೆ, ಬಿಗಿಯಾಗಿಲ್ಲವೆಂಬುದು ಕಾಣುವುದಿಲ್ಲ.

ಸಿಲಿಂಡರ್ ಬಿಚ್ಚಿ ಜೋಡಿಸುವ ಕೆಲಸ ಇನ್ನೂ ಸೂಕ್ಷ್ಮ. ಅದನ್ನು ಹಿಡಿದಿಡುವ ನಟ್ಟುಗಳನ್ನು ಇಂತಿಷ್ಟೇ ಬಲದಿಂದ, ಇಂತಹದೇ ಕ್ರಮದಲ್ಲಿ, ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಯಬೇಕು. ಕೂಡುವ ಮೇಲ್ಮೈಗಳ ನಡುವೆ ತೆಳುವಾದ ಬಣ್ಣದ ಪದರ ಉಳಿದರೂ ಕೆಲವು ಗಂಟೆಗಳ ಹಾರಾಟದ ನಂತರ ಬಿಗಿತ ಸಡಿಲವಾಗುತ್ತದೆ. 2,400 ಸುತ್ತಿನ ವೇಗದಲ್ಲಿ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 20 ಬಾರಿ ಇಂಧನ ಸ್ಫೋಟಿಸುತ್ತಿರುತ್ತದೆ. ಆ ಹೊಡೆತಕ್ಕೆ ಸಡಿಲ ಬೋಲ್ಟ್ ದಣಿದು ತುಂಡಾಗುತ್ತದೆ. ಸಿಲಿಂಡರ್ ಎಂಜಿನ್ನಿನಿಂದಲೇ ಬೇರ್ಪಡಬಹುದು.

ಈ ಮೂರೂ ಉದಾಹರಣೆಗಳಲ್ಲಿ ಒಂದು ಸಮಾನ ಅಂಶವಿದೆ. ಕೆಲಸ ಮುಗಿದ ಮೇಲೆ ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮೂರು ಎಂಜಿನ್ ಇದ್ದರೂ ಉಳಿಗಾಲವಿಲ್ಲ

ಎಂಜಿನ್‌ಗಳ ಸಂಖ್ಯೆ ಹೆಚ್ಚಿದ್ದರೆ ಈ ಭಯವಿಲ್ಲ ಎನ್ನುವಿರಾ? ದೊಡ್ಡ ವಿಮಾನವೊಂದರ ಪ್ರಸಂಗ ಇದಕ್ಕೆ ಉತ್ತರ ನೀಡುತ್ತದೆ.

1983ರ ಮೇ 5ರಂದು ಈಸ್ಟರ್ನ್ ಏರ್‌ಲೈನ್ಸ್‌ನ 855ನೇ ಸಂಖ್ಯೆಯ ವಿಮಾನ 172 ಜನರನ್ನು ಹೊತ್ತು ಮಯಾಮಿಯಿಂದ ಬಹಾಮಾಸ್‌ನ ನಸ್ಸಾವಿಗೆ ಹೊರಟಿತು. ಮೂರು ಎಂಜಿನ್‌ಗಳ ಲಾಕ್‌ಹೀಡ್ ಟ್ರೈಸ್ಟಾರ್ ಅದು. ನಡುವಿನ ಎಂಜಿನ್ನಿನ ಎಣ್ಣೆಯ ಒತ್ತಡ ಕುಸಿದುದರಿಂದ ಅದನ್ನು ಆರಿಸಿ ಪೈಲಟ್‌ಗಳು ಮಯಾಮಿಗೆ ಹಿಂತಿರುಗಿದರು. ಸ್ವಲ್ಪ ಹೊತ್ತಿನಲ್ಲೇ ಉಳಿದೆರಡು ಎಂಜಿನ್‌ಗಳ ಒತ್ತಡವೂ ಸೊನ್ನೆ ತೋರಿಸಿತು. ಮೂರೂ ಒಟ್ಟಿಗೆ ಕೆಡಲು ಸಾಧ್ಯವೇ, ಮಾಪಕವೇ ಸುಳ್ಳು ಹೇಳುತ್ತಿರಬೇಕು ಎಂದು ಸಿಬ್ಬಂದಿ ಭಾವಿಸಿದರು. ಮಾಪಕ ಸುಳ್ಳು ಹೇಳುತ್ತಿರಲಿಲ್ಲ. ಆ ಎರಡೂ ಎಂಜಿನ್‌ಗಳು ಒಂದರ ಹಿಂದೊಂದು ನಿಂತವು.

ಕೆಳಗೆ ಸಮುದ್ರ. ಪ್ರಯಾಣಿಕರು ಜೀವರಕ್ಷಕ ಕವಚ ತೊಟ್ಟರು. ವಿಮಾನ ಸುಮಾರು 4,000 ಅಡಿಗೆ ಇಳಿದಾಗ, ಮೊದಲು ಆರಿಸಿದ್ದ ಎಂಜಿನ್ ಮತ್ತೆ ಚಾಲೂ ಆಯಿತು. ಅದೊಂದರ ಬಲದಿಂದಲೇ ಮಯಾಮಿಯಲ್ಲಿ ಸುರಕ್ಷಿತವಾಗಿ ಇಳಿದರು.

ಕಾರಣ ಹಿಂದಿನ ರಾತ್ರಿಯ ಕೆಲಸದಲ್ಲಿತ್ತು. ಎಣ್ಣೆಯಲ್ಲಿ ಲೋಹದ ಚೂರುಗಳಿವೆಯೇ ಎಂದು ಪತ್ತೆಹಚ್ಚುವ ಸಾಧನವನ್ನು ಮೂರೂ ಎಂಜಿನ್‌ಗಳಲ್ಲಿ ಬದಲಿಸಲಾಗಿತ್ತು. ಎಣ್ಣೆ ಸೋರದಂತೆ ತಡೆಯುವ 'ಓ-ರಿಂಗ್' ಎಂಬ ರಬ್ಬರ್ ಉಂಗುರಗಳು ಮೂರಕ್ಕೂ ಇರಲಿಲ್ಲ. ಸಾಮಾನ್ಯವಾಗಿ ಮೇಲ್ವಿಚಾರಕರ ಕಪಾಟಿನಿಂದ ಉಂಗುರ ಸಹಿತವಾದ ಸಾಧನಗಳು ಸಿಗುತ್ತಿದ್ದವು. ಆ ರಾತ್ರಿ ಅಲ್ಲಿ ಇರಲಿಲ್ಲವಾದ್ದರಿಂದ ಉಗ್ರಾಣದಿಂದ ತರಿಸಲಾಯಿತು. ಅವುಗಳಲ್ಲಿ ಉಂಗುರ ಇರಲಿಲ್ಲ. ಎಂದಿನಂತೆ ಇದ್ದೇ ಇರುತ್ತದೆ ಎಂದುಕೊಂಡು ಮೆಕ್ಯಾನಿಕ್‌ಗಳು ಜೋಡಿಸಿದರು. ಕಾರ್ಯಪತ್ರದಲ್ಲಿ ಸಹಿಯೂ ಬಿತ್ತು.

ಅದಕ್ಕೂ ಹಿಂದೆ ಅದೇ ಸಂಸ್ಥೆಯಲ್ಲಿ ಇಂತಹ ಲೋಪಗಳು ಹಲವು ಬಾರಿ ನಡೆದಿದ್ದವೆಂಬುದು ತನಿಖೆಯಲ್ಲಿ ಬಯಲಾಯಿತು. ಹೊಣೆ ಇಬ್ಬರು ಮೆಕ್ಯಾನಿಕ್‌ಗಳಿಗೆ ಮಾತ್ರ ಸೇರಿದ್ದಲ್ಲ, ಎಚ್ಚರಿಕೆಗಳನ್ನು ಕಂಡೂ ಪದ್ಧತಿಯನ್ನು ಸರಿಪಡಿಸದ ಮೇಲ್ವಿಚಾರಣೆಯದೂ ಹೌದು ಎಂದು ತನಿಖಾಧಿಕಾರಿಗಳು ಹೇಳಿದರು. ಕೆಲವು ಪೈಸೆಯ ವಸ್ತುವಿನಿಂದ 172 ಜೀವಗಳು ತೂಗುಯ್ಯಾಲೆಯಲ್ಲಿದ್ದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನೆನಪಾಗುತ್ತದೆ. ಇಲ್ಲಿ ಹೋಗುವುದು ಮಾನವಲ್ಲ, ಪ್ರಾಣ.

ಹೆಚ್ಚು ಬಿಚ್ಚಿದಷ್ಟೂ ಹೆಚ್ಚು ಸುರಕ್ಷಿತವೇ?

ಹೆಚ್ಚು ಸಲ ಬಿಚ್ಚಿ ನೋಡಿದರೆ ಯಂತ್ರ ಹೆಚ್ಚು ಸುರಕ್ಷಿತ ಎಂಬುದು ನಮ್ಮೆಲ್ಲರ ನಂಬಿಕೆ. ಈ ನಂಬಿಕೆಗೆ ಮೊದಲು ಪೆಟ್ಟು ಕೊಟ್ಟವರಲ್ಲಿ ಒಬ್ಬರು ಬ್ರಿಟನ್ನಿನ ಜೀವವಿಜ್ಞಾನಿ ಸಿ.ಎಚ್. ವ್ಯಾಡಿಂಗ್ಟನ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳನ್ನು ಬೇಟೆಯಾಡುತ್ತಿದ್ದ ಬ್ರಿಟಿಷ್ ವಾಯುಪಡೆಯ ಲಿಬರೇಟರ್ ವಿಮಾನಗಳು ಪದೇ ಪದೇ ಕೆಟ್ಟು ನಿಲ್ಲುತ್ತಿದ್ದವು. ವ್ಯಾಡಿಂಗ್ಟನ್ ಮತ್ತು ಸಂಗಡಿಗರು ಅಂಕಿ ಅಂಶಗಳನ್ನು ಜೋಡಿಸಿ ನೋಡಿದಾಗ ಅಚ್ಚರಿ ಕಾದಿತ್ತು. ಪ್ರತಿ 50 ಗಂಟೆಗೊಮ್ಮೆ ನಡೆಯುತ್ತಿದ್ದ ತಪಾಸಣೆಯ ಬೆನ್ನಲ್ಲೇ ದೋಷಗಳು ಅತಿ ಹೆಚ್ಚು ಕಾಣಿಸಿಕೊಳ್ಳುತ್ತಿದ್ದವು. ಹಾರಾಟದ ಗಂಟೆಗಳು ಕಳೆದಂತೆ ಅವು ಕಡಿಮೆಯಾಗುತ್ತಿದ್ದವು. ತಪಾಸಣೆಯೇ ಹೊಸ ದೋಷಗಳನ್ನು ಹುಟ್ಟುಹಾಕುತ್ತಿತ್ತು!

1978ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗಾಗಿ ಯುನೈಟೆಡ್ ಏರ್‌ಲೈನ್ಸ್‌ನ ಎಂಜಿನಿಯರ್‌ಗಳಾದ ನೌಲನ್ ಮತ್ತು ಹೀಪ್ ಸಿದ್ಧಪಡಿಸಿದ ವರದಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅವರು ಪರಿಶೀಲಿಸಿದ ವಿಮಾನ ಭಾಗಗಳಲ್ಲಿ ಶೇ. 68ರಷ್ಟು ಭಾಗಗಳು ಕೆಡುವ ಸಾಧ್ಯತೆ ಹೆಚ್ಚಿದ್ದುದು ಹೊಸದಾಗಿ ಜೋಡಿಸಿದ ಆರಂಭದ ಅವಧಿಯಲ್ಲಿ. ಆ ಗಂಡಾಂತರ ದಾಟಿದರೆ ನಂತರ ಅವು ವಯಸ್ಸಾದ ಕಾರಣಕ್ಕೆ ಹೆಚ್ಚಾಗಿ ಕೆಡುತ್ತಿರಲಿಲ್ಲ.

ಹಾಗೆಂದು ನಿರ್ವಹಣೆಯೇ ಬೇಡ ಎಂದಲ್ಲ. ಫೋರ್ಡ್ ಅವರ ವಿಮಾನದಲ್ಲಿ ಕೊರತೆಯಾದದ್ದು ತಪಾಸಣೆಯೇ. ಬಿಚ್ಚಬೇಕಾದ್ದನ್ನು ಬಿಚ್ಚಬೇಕು, ಬಿಚ್ಚಬೇಕಿಲ್ಲದ್ದನ್ನು ಮುಟ್ಟಬಾರದು, ಬಿಚ್ಚಿ ಜೋಡಿಸಿದ ಪ್ರತಿಯೊಂದನ್ನೂ ಅನುಮಾನದಿಂದಲೇ ಮತ್ತೊಮ್ಮೆ ನೋಡಬೇಕು. ಇಷ್ಟೇ ಇದರ ಸಾರ.

ತಪ್ಪು ಮಾಡುವವರು ದಡ್ಡರಲ್ಲ

1990ರ ದಶಕದ ಆರಂಭದಲ್ಲಿ ಕೆನಡಾದ ಸಾರಿಗೆ ಇಲಾಖೆಯಲ್ಲಿದ್ದ ಗಾರ್ಡನ್ ಡ್ಯುಪಾಂಟ್ ನಿರ್ವಹಣಾ ಲೋಪಗಳ ಹಿಂದಿನ 12 ಕಾರಣಗಳ ಪಟ್ಟಿ ಮಾಡಿದರು. ಸಂವಹನದ ಕೊರತೆ, ಅತಿಯಾದ ಆತ್ಮವಿಶ್ವಾಸ, ಗಮನ ಬೇರೆಡೆ ಹರಿಯುವುದು, ದಣಿವು, ಬೇಗ ಮುಗಿಸಬೇಕೆಂಬ ಒತ್ತಡ, ಬಿಡಿಭಾಗಗಳ ಅಭಾವ, 'ಇದು ಸರಿಯಿಲ್ಲ' ಎಂದು ಹೇಳಲು ಹಿಂಜರಿಕೆ, 'ಇಲ್ಲಿ ಎಲ್ಲರೂ ಹೀಗೇ ಮಾಡುವುದು' ಎಂಬ ರೂಢಿ ಮುಂತಾದವು ಅದರಲ್ಲಿವೆ. ಇಂದು ವಿಶ್ವದ ಬಹುತೇಕ ವೈಮಾನಿಕ ತಂತ್ರಜ್ಞರಿಗೆ ಈ ಪಟ್ಟಿ ಪರಿಚಿತ.

ಪಟ್ಟಿಯನ್ನು ಗಮನಿಸಿ. ಅದರಲ್ಲಿ ದುರುದ್ದೇಶವಿಲ್ಲ. ಸೋಮಾರಿತನವೂ ಇಲ್ಲ. ಯಾವ ಕಚೇರಿಯಲ್ಲಾದರೂ, ಯಾವ ಮನೆಯಲ್ಲಾದರೂ ಕಾಣುವ ಸಹಜ ದೌರ್ಬಲ್ಯಗಳಿವು. ನುರಿತ ಮೆಕ್ಯಾನಿಕ್ ಕೂಡ ದಣಿಯುತ್ತಾನೆ, ಮರೆಯುತ್ತಾನೆ. ಆದ್ದರಿಂದ 'ಎಚ್ಚರಿಕೆಯಿಂದ ಕೆಲಸ ಮಾಡಿ' ಎಂಬ ಫಲಕ ತೂಗುಹಾಕುವುದು ಪರಿಹಾರವಾಗದು. ಒಬ್ಬನ ಕೈ ತಪ್ಪಿದರೆ ಇನ್ನೊಬ್ಬನ ಕಣ್ಣು ಹಿಡಿಯುವಂತಹ ವ್ಯವಸ್ಥೆ ಬೇಕು.

ಪರಿಹಾರ ಎಲ್ಲಿದೆ?

ಮೊದಲನೆಯದು, ಎರಡನೆಯ ವ್ಯಕ್ತಿಯ ತಪಾಸಣೆ. ಎಂಜಿನ್ ಮತ್ತು ನಿಯಂತ್ರಣ ವ್ಯವಸ್ಥೆಯ ನಿರ್ಣಾಯಕ ಕೆಲಸಗಳನ್ನು, ಆ ಕೆಲಸದಲ್ಲಿ ಕೈಹಾಕದ ಇನ್ನೊಬ್ಬ ಅರ್ಹ ತಂತ್ರಜ್ಞ ಸ್ವತಂತ್ರವಾಗಿ ಪರೀಕ್ಷಿಸಬೇಕು. ಎರಡು ಎಂಜಿನ್‌ಗಳ ವಿಮಾನವಾದರೆ ಎರಡರ ಮೇಲೂ ಒಂದೇ ಕೆಲಸವನ್ನು ಒಬ್ಬನೇ ಮಾಡಬಾರದು.

ಎರಡನೆಯದು, ಅರ್ಧಕ್ಕೆ ನಿಂತ ಕೆಲಸಕ್ಕೆ ಗುರುತು. ನಡುವೆ ಕರೆ ಬಂದರೆ ಎದ್ದುಕಾಣುವ ಪಟ್ಟಿ ಕಟ್ಟಿ ಹೋಗುವುದು, ಮರಳಿದ ಮೇಲೆ ನಿಲ್ಲಿಸಿದಲ್ಲಿಂದಲ್ಲ, ಕೆಲವು ಹೆಜ್ಜೆ ಹಿಂದಿನಿಂದ ಆರಂಭಿಸುವುದು. ಬಿಗಿದ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದರೆ ಅದು ಸಡಿಲವಾದಾಗ ಗೆರೆ ಮುರಿದು ತಾನೇ ಸಾರಿ ಹೇಳುತ್ತದೆ. ಪ್ರತಿ ಸಲಕರಣೆಯ ಆಕಾರವನ್ನು ಗೋಡೆಯ ಹಲಗೆಯ ಮೇಲೆ ಬರೆದಿಟ್ಟರೆ ಎಂಜಿನ್ನಿನೊಳಗೆ ಮರೆತ ಸ್ಪ್ಯಾನರ್ ಯಾವುದೆಂದು ಖಾಲಿ ಜಾಗವೇ ತೋರಿಸುತ್ತದೆ.

ಮೂರನೆಯದು, ಮೊದಲ ಹಾರಾಟದ ಎಚ್ಚರ. ದೊಡ್ಡ ದುರಸ್ತಿಯ ನಂತರದ ಮೊದಲ ಹಾರಾಟ ಹಗಲಿನಲ್ಲಿ, ಪ್ರಯಾಣಿಕರಿಲ್ಲದೆ, ನಿಲ್ದಾಣದ ಮೇಲೆಯೇ ಸುತ್ತುತ್ತ ನಡೆಯಬೇಕು. ಇಳಿದ ಮೇಲೆ ಎಂಜಿನ್ನಿನ ಮುಚ್ಚಳ ತೆರೆದು ಸೋರಿಕೆಯಿದೆಯೇ ಎಂದು ನೋಡಬೇಕು.

ನಾಲ್ಕನೆಯದು ಮತ್ತು ಅತಿ ಕಷ್ಟದ್ದು, ಭಯವಿಲ್ಲದೆ ತಪ್ಪು ಹೇಳಿಕೊಳ್ಳುವ ವಾತಾವರಣ. ಅಮೆರಿಕದಲ್ಲಿ ನಾಸಾ ಸಂಸ್ಥೆ 1976ರಿಂದ ಇಂತಹ ಗೋಪ್ಯ ವರದಿ ವ್ಯವಸ್ಥೆಯೊಂದನ್ನು ನಡೆಸುತ್ತಿದೆ. ಪೈಲಟ್‌ಗಳೊಂದಿಗೆ ಮೆಕ್ಯಾನಿಕ್‌ಗಳೂ ಅಲ್ಲಿಗೆ ಬರೆಯಬಹುದು. ರಾತ್ರಿ ಮನೆಗೆ ಹೋದ ಮೇಲೆ 'ಆ ನಟ್ಟು ಬಿಗಿದೆನೇ?' ಎಂದು ಅನುಮಾನ ಹುಟ್ಟಿದವನು ನೌಕರಿ ಹೋಗುವ ಭಯಕ್ಕೆ ಬಾಯಿ ಮುಚ್ಚಿದರೆ, ಬೆಳಗ್ಗೆ ಆ ವಿಮಾನ ಹಾರುತ್ತದೆ.

ನಮಗೇನು ಸಂಬಂಧ?

ಸಂಬಂಧವಿದೆ. 1940ರ ದಶಕದ ಕೊನೆಯಿಂದ ಪೈಲಟ್‌ಗಳನ್ನು ತಯಾರಿಸುತ್ತ ಬಂದಿರುವ ಜಕ್ಕೂರಿನ ಸರ್ಕಾರಿ ಶಾಲೆಯಿಂದ ಹಿಡಿದು ಖಾಸಗಿ ತರಬೇತಿ ಸಂಸ್ಥೆಗಳವರೆಗೆ, ಲಕ್ಷಾಂತರ ರೂಪಾಯಿ ಶುಲ್ಕ ತೆತ್ತು ನಮ್ಮ ಯುವಜನರು ಹಾರಲು ಕಲಿಯುವುದು ಇಂತಹ ಲಘು ವಿಮಾನಗಳಲ್ಲಿಯೇ. 2023ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದಾಗ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಆ ಸಂಸ್ಥೆಯ ತರಬೇತಿ ಅನುಮತಿಯನ್ನು ಅಮಾನತಿನಲ್ಲಿಟ್ಟಿತ್ತು. ನಿರ್ವಹಣೆಯ ಗುಣಮಟ್ಟವೇ ಅಂದು ಪ್ರಶ್ನೆಗೊಳಗಾಗಿತ್ತು.

ಏಕಾಂಗಿಯಾಗಿ ಹಾರಲು ಹೊರಡುವ ಇಪ್ಪತ್ತರ ಹರೆಯದ ವಿದ್ಯಾರ್ಥಿಗೆ ಎಂಜಿನ್ನಿನ ಒಡಲೊಳಗೆ ಇಣುಕಿ ನೋಡಲು ಸಾಧ್ಯವಿಲ್ಲ. ಎಂಜಿನಿಯರ್ ಹಾಕಿದ ಸಹಿಯನ್ನು ನಂಬಿಯೇ ಆತ ಮೇಲೇರುತ್ತಾನೆ. ಹಾಗಾಗಿ ಮಗನನ್ನೋ ಮಗಳನ್ನೋ ಸೇರಿಸುವ ಮುನ್ನ ಪಾಲಕರು ಶುಲ್ಕ ಮತ್ತು ಹಾರಾಟದ ಗಂಟೆಗಳ ಜೊತೆಗೆ ಇನ್ನೂ ಕೆಲವು ಪ್ರಶ್ನೆ ಕೇಳುವುದು ಒಳಿತು. ವಿಮಾನಗಳ ಸಂಖ್ಯೆಗೆ ತಕ್ಕಷ್ಟು ಪರವಾನಗಿ ಪಡೆದ ಎಂಜಿನಿಯರ್‌ಗಳಿದ್ದಾರೆಯೇ? ನಿರ್ಣಾಯಕ ಕೆಲಸವನ್ನು ಎರಡನೆಯವರು ಪರೀಕ್ಷಿಸುತ್ತಾರೆಯೇ? ವಿದ್ಯಾರ್ಥಿ ಬರೆದ ದೋಷದ ದೂರಿಗೆ ಲಿಖಿತ ಉತ್ತರ ಸಿಗುತ್ತದೆಯೇ? 'ಈ ವಿಮಾನ ನನಗೆ ಸರಿಕಾಣುತ್ತಿಲ್ಲ' ಎಂದು ಹೇಳಿದ ವಿದ್ಯಾರ್ಥಿಯನ್ನು ಹೇಗೆ ನಡೆಸಿಕೊಳ್ಳಲಾಗುತ್ತದೆ?

ಅಪಘಾತವಾದಾಗ ಪೈಲಟ್‌ನ ಹೆಸರು ಸುದ್ದಿಯಾಗುತ್ತದೆ. ಹ್ಯಾಂಗರಿನಲ್ಲಿ ಎಣ್ಣೆಯ ಕೈಗಳಿಂದ ನಟ್ಟು ಬಿಗಿಯುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರಿಗೆ ಸಾಕಷ್ಟು ನಿದ್ರೆ, ಸರಿಯಾದ ಸಲಕರಣೆ, ಆತುರಪಡಿಸದ ವೇಳಾಪಟ್ಟಿ ಮತ್ತು ಸಹಿ ಹಾಕಲು ನಿರಾಕರಿಸುವ ಸ್ವಾತಂತ್ರ್ಯ ಸಿಕ್ಕರೆ, ಹೊಲಗದ್ದೆಗಳಲ್ಲಿ ತುರ್ತಾಗಿ ಇಳಿಯಬೇಕಾದ ವಿಮಾನಗಳ ಸಂಖ್ಯೆ ತಾನಾಗಿಯೇ ಇಳಿದೀತು.